ಹೊಸ ಪೆಟ್ಟಿಗೆಯೊಳಗಿನ ಹಳೆಯ ಚಿಪ್ಪು

ಕಳೆದ ಆಯುಧಪೂಜೆಗೆ ಅಟ್ಟ ಗುಡಿಸುವಾಗ ಮೂಲೆಯಲ್ಲಿ ಬಿಸ್ಕತ್ತಿನ ಡಬ್ಬಿಯೊಂದು ಸಿಕ್ಕಿತು. ಒಳಗೆ, ನನ್ನ ಮಗ ಹೈಸ್ಕೂಲಿನಲ್ಲಿದ್ದಾಗ ಆಡುತ್ತಿದ್ದ ಪ್ಲೇಸ್ಟೇಷನ್ ಆಟಗಳ ಡಿಸ್ಕುಗಳು. ಯಂತ್ರವನ್ನು ಅವನು ಕಾಲೇಜು ಸೇರುವಾಗ ನನ್ನ ತಂಗಿಯ ಮಗನಿಗೆ ಕೊಟ್ಟುಬಿಟ್ಟಿದ್ದ. ಮೊಮ್ಮಗ ಒಂದು ಡಿಸ್ಕನ್ನು ಬೆಳಕಿಗೆ ಹಿಡಿದು, ಅದರ ಕಪ್ಪು ಬೆನ್ನನ್ನು ಬೆರಗಿನಿಂದ ನೋಡಿ, "ಅಜ್ಜಿ, ಇದು ಹೊಸ ಮೆಷೀನಿನಲ್ಲಿ ಓಡುತ್ತಾ?" ಎಂದ. ಮಗನಿಗೆ ಫೋನು ಮಾಡಿ ಕೇಳಿದೆ. ಅವನು ನಕ್ಕು, "ಮೆಷೀನು ಯಾವ ವರ್ಷದ್ದು ಅಂತ ಹೇಳು, ಆಮೇಲೆ ಹೇಳ್ತೀನಿ" ಎಂದ.

ಇದೇನು, ಉಪ್ಪಿನಕಾಯಿಯ ವಿಚಾರವೇ, ಯಾವ ವರ್ಷದ್ದು ಎಂದು ಕೇಳಲು! ಆದರೂ ಮಾತು ತಲೆಯಲ್ಲಿ ಉಳಿಯಿತು. ಆಟದ ಯಂತ್ರಗಳ ಚರಿತ್ರೆ ಓದುವ ವಯಸ್ಸು ನನ್ನದಲ್ಲ. ಓದುತ್ತಾ ಹೋದಂತೆ, ಇದು ಮಕ್ಕಳಾಟದ ಕತೆಯಲ್ಲ, ಮನೆ ನಡೆಸುವವರ ಲೆಕ್ಕಾಚಾರದ ಕತೆ ಎನಿಸಿತು.

ಆಟವೆಂದರೆ ಒಂದು ಚಿಪ್ಪಿಗೆ ಅದರದೇ ಭಾಷೆಯಲ್ಲಿ ಬರೆದ ಅಪ್ಪಣೆಗಳ ಸಾಲು. ಚಿಪ್ಪು ಬದಲಾದರೆ ಹಳೆಯ ಅಪ್ಪಣೆ ಅದಕ್ಕೆ ಅರ್ಥವಾಗುವುದಿಲ್ಲ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ತಂದಿತು. 1990ರಲ್ಲಿ ಸೂಪರ್ ಫ್ಯಾಮಿಕಾಮ್ ತಂದಾಗ ಹಳೆಯ ಕ್ಯಾಸೆಟ್ಟುಗಳು ಅದರಲ್ಲಿ ಓಡಲಿಲ್ಲ. ಏಳು ವರ್ಷ ಒಂದೊಂದಾಗಿ ಕೊಡಿಸಿದ್ದನ್ನು ಮತ್ತೆ ಆಡಬೇಕೆಂದರೆ ಹಳೆಯ ಯಂತ್ರವನ್ನೂ ಟೀವಿಯ ಪಕ್ಕದಲ್ಲೇ ಇಟ್ಟುಕೊಳ್ಳಬೇಕು.

ಹಳೆಯ ಆಟ ಹೊಸ ಯಂತ್ರದಲ್ಲಿ ನಡೆಯಬೇಕಾದರೆ ಒಂದೋ ಹಳೆಯ ಚಿಪ್ಪನ್ನೂ ಹೊಸ ಪೆಟ್ಟಿಗೆಯೊಳಗೆ ಕೂರಿಸಬೇಕು, ಇಲ್ಲವೇ ಹಳೆಯದರ ಹಾಗೆ ನಟಿಸಲು ಹೊಸ ಚಿಪ್ಪಿಗೆ ಸಾಫ್ಟ್‌ವೇರಿನ ಮೂಲಕ ಕಲಿಸಬೇಕು. ಕಲಿಸುವುದು ಕಷ್ಟ, ಹೊಸದು ಹಳೆಯದಕ್ಕಿಂತ ಎಷ್ಟೋ ಪಾಲು ಚುರುಕಾಗಿರಬೇಕು. ಕೂರಿಸುವುದು ಸುಲಭ, ಆದರೆ ದುಡ್ಡು ಬೇಕು. ಚಿಪ್ಪುಗಳನ್ನು ಸಿಲಿಕಾನಿನ ದುಂಡು ಬಿಲ್ಲೆಯ ಮೇಲೆ ಒಟ್ಟಿಗೆ ಮಾಡಿ ಆಮೇಲೆ ಕತ್ತರಿಸುತ್ತಾರೆ, ನಾವು ಲಟ್ಟಿಸಿದ ಹಿಟ್ಟಿನಿಂದ ಶಂಕರಪೋಳಿ ಕತ್ತರಿಸುವಂತೆ. ತುಂಡು ದೊಡ್ಡದಾದರೆ ಸಿಗುವುದು ಕಡಿಮೆ. ಎಲ್ಲೋ ಒಂದು ಧೂಳಿನ ಕಣ ಕೂತರೆ ಆ ಇಡೀ ತುಂಡು ಹಾಳು. ಅದಕ್ಕೇ ಕಂಪನಿಗಳು ವರ್ಷ ಕಳೆದಂತೆ ಅದೇ ಚಿಪ್ಪನ್ನು ಇನ್ನಷ್ಟು ಚಿಕ್ಕದಾಗಿ ಮಾಡಿ ಖರ್ಚು ಇಳಿಸುತ್ತವೆ.

ಸೋನಿ ಕಂಪನಿಯ ಪ್ಲೇಸ್ಟೇಷನ್ ಜಪಾನಿನ ಅಂಗಡಿಗೆ ಬಂದದ್ದು 1994ರ ಡಿಸೆಂಬರ್ 3ರಂದು. ಕೆನ್ ಕುತರಾಗಿ ಎಂಬ ಎಂಜಿನಿಯರ್ ಅದರ ರೂವಾರಿ. ಮುಂದಿನ ಯಂತ್ರ, ಪ್ಲೇಸ್ಟೇಷನ್ 2, ಬಂದದ್ದು 2000ದ ಮಾರ್ಚ್ 4ರಂದು. ಅದರ ಎಂಜಿನಿಯರುಗಳು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಹಳೆಯ ಯಂತ್ರದ ಮುಖ್ಯ ಚಿಪ್ಪನ್ನು ಅವರು ಎಸೆಯಲಿಲ್ಲ. ಹೊಸ ಪೆಟ್ಟಿಗೆಯಲ್ಲಿ ಅದಕ್ಕೊಂದು ಕೆಲಸ ಕೊಟ್ಟರು. ಆಡುವವರ ಕೈಯ ಗುಂಡಿಗಳನ್ನು ಗಮನಿಸುವುದು, ಮೆಮೊರಿ ಕಾರ್ಡು ನೋಡಿಕೊಳ್ಳುವುದು, ಡಿಸ್ಕಿನಿಂದ ಮಾಹಿತಿ ತಂದುಕೊಡುವುದು, ಇಂಥ ಒಳಹೊರಗಿನ ಓಡಾಟವೆಲ್ಲ ಅದರ ಪಾಲಿಗೆ. ಹಳೆಯ ಆಟದ ಡಿಸ್ಕು ಹಾಕಿದಾಗ ಅದೇ ಮತ್ತೆ ಯಜಮಾನ! ಆ ಕೆಲಸಕ್ಕೆ ಹೇಗೂ ಒಂದು ಚಿಪ್ಪು ಬೇಕೇ ಇತ್ತು. ಆದ್ದರಿಂದ ಹಳೆಯದನ್ನು ಇಟ್ಟುಕೊಂಡದ್ದು ಯಾರಿಗೂ ಹೊರೆಯಾಗಲಿಲ್ಲ. ಆ ಯಂತ್ರ ಕೊನೆಗೆ ಲೋಕದಾದ್ಯಂತ 15 ಕೋಟಿಗೂ ಮಿಕ್ಕಿ ಮಾರಾಟವಾಯಿತು.

ಮೂರನೆಯದು 2006ರ ನವೆಂಬರ್ 11ರಂದು ಬಂತು. ಈ ಬಾರಿಯೂ ಹಿಂದಿನ ಯಂತ್ರದ ಮುಖ್ಯ ಚಿಪ್ಪನ್ನೂ ಚಿತ್ರ ಬಿಡಿಸುವ ಚಿಪ್ಪನ್ನೂ ಒಳಗೆ ಕೂರಿಸಿದ್ದರು. ಆದರೆ ಅವಕ್ಕೆ ಮನೆಯಲ್ಲಿ ಬೇರೆ ಕೆಲಸವಿರಲಿಲ್ಲ. ಹಳೆಯ ಆಟ ಹಾಕಿದರೆ ಎಚ್ಚರ, ಉಳಿದಂತೆ ನಿದ್ದೆ. ಐಸಪ್ಲೈ ಎಂಬ ಸಂಸ್ಥೆ ಆಗ ಯಂತ್ರವನ್ನು ಬಿಚ್ಚಿ ಬಿಡಿಭಾಗಗಳ ಬೆಲೆ ಅಂದಾಜು ಮಾಡಿತು. ಅಮೆರಿಕದಲ್ಲಿ 599 ಡಾಲರಿಗೆ ಮಾರುತ್ತಿದ್ದ ಯಂತ್ರವನ್ನು ಮಾಡಲು ಸುಮಾರು 840 ಡಾಲರ್ ತಗಲುತ್ತಿತ್ತು! ಒಂದೊಂದು ಮಾರಿದಾಗಲೂ ಕೈಯಿಂದ 240 ಡಾಲರ್ ಹೋದಂತೆ. ಅದರಲ್ಲಿ ಹಳೆಯ ಚಿಪ್ಪುಗಳ ಪಾಲು ಸುಮಾರು 27 ಡಾಲರ್. ದೊಡ್ಡ ಮೊತ್ತವಲ್ಲ. ಆದರೆ ಖರ್ಚು ಕಡಿಮೆ ಮಾಡಬೇಕೆಂದು ಹೊರಟಾಗ ಕಣ್ಣು ಮೊದಲು ಬೀಳುವುದು ಸುಮ್ಮನೆ ಕೂತವರ ಮೇಲೆ. 2007ರ ಮಾರ್ಚ್ 23ರಂದು ಯೂರೋಪಿಗೆ ಬಂದ ಯಂತ್ರದಲ್ಲಿ ಹಳೆಯ ಮುಖ್ಯ ಚಿಪ್ಪು ಇರಲಿಲ್ಲ. ಚಿತ್ರದ ಚಿಪ್ಪು ಮಾತ್ರ ಉಳಿದಿತ್ತು, ಮಿಕ್ಕಿದ್ದು ಸಾಫ್ಟ್‌ವೇರಿನ ನಟನೆ. ಅದೇ ವರ್ಷದ ಕೊನೆಗೆ ಬಂದ 399 ಡಾಲರಿನ ಯಂತ್ರದಲ್ಲಿ ಎರಡೂ ಇಲ್ಲ. ಪ್ಲೇಸ್ಟೇಷನ್ 2ರ ಡಿಸ್ಕುಗಳು ಅದರಲ್ಲಿ ಓಡಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಅತ್ತೆಯವರ ನೆನಪು ಬಂತು. ಮೊದಮೊದಲು ಅವರು ನಮ್ಮಲ್ಲಿದ್ದಾಗ ಹಾಲು ಉಕ್ಕದಂತೆ ನೋಡುವುದು, ಅವರೆಕಾಯಿ ಸುಲಿಯುವುದು, ಶಾಲೆಯಿಂದ ಬಂದ ಮಗುವಿಗೆ ಬಾಗಿಲು ತೆಗೆಯುವುದು ಎಲ್ಲ ಅವರದೇ. ಅವರಿಗೆ ಎಷ್ಟು ಖರ್ಚಾಗುತ್ತದೆಂದು ಯಾರೂ ಲೆಕ್ಕ ಹಾಕಲಿಲ್ಲ. ಪಾರ್ಶ್ವವಾಯು ಬಡಿದು ಮಂಚ ಹಿಡಿದ ಮೇಲೆ, "ಇನ್ನು ಯಾರ ಸರದಿ?" ಎಂಬ ಮಾತು ಮನೆಯಲ್ಲಿ ಎದ್ದಿತು. ಮೊದಲು ಆ ಮಾತೆತ್ತಿದವಳು ನಾನೇ. ಔಷಧಿಯ ಚೀಟಿಗಳನ್ನು ಮೊಳೆಗೆ ಸಿಕ್ಕಿಸಿ ಇಟ್ಟವಳೂ ನಾನೇ. ಅವರು ಹೋಗಿ ಬಹಳ ವರ್ಷಗಳಾದವು. ಕಂಪನಿಯ ಲೆಕ್ಕ ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಕಡಿಮೆ ಬೆಲೆಗೆ ಹೊಸ ಯಂತ್ರ ಸಿಕ್ಕ ಮನೆಗಳೂ ಇದ್ದವಲ್ಲ! ಆದರೆ ಕೆಲಸವಿದ್ದಾಗ ಇದ್ದ ಮರ್ಯಾದೆ ಕೆಲಸ ಹೋದಾಗಲೂ ಉಳಿಯುವುದು ಎಷ್ಟು ಅಪರೂಪ ಎಂಬುದು ಈ ಚಿಪ್ಪುಗಳ ಕತೆಯಿಂದ ಇನ್ನಷ್ಟು ನಿಚ್ಚಳವಾಯಿತು.

ಒಂದು ಸಮಾಧಾನದ ಸಂಗತಿಯೂ ಇದೆ. ಎಲ್ಲಕ್ಕಿಂತ ಹಳೆಯ, ಕಪ್ಪು ಬೆನ್ನಿನ ಡಿಸ್ಕುಗಳು ಮೂರನೆಯ ಯಂತ್ರದ ಎಲ್ಲ ಮಾದರಿಗಳಲ್ಲೂ ಓಡಿದವು. ಅವುಗಳ ಚಿಪ್ಪು ಅಲ್ಲಿರಲಿಲ್ಲ. ಆದರೆ ಅದರ ನಡವಳಿಕೆಯನ್ನು ಸಾಫ್ಟ್‌ವೇರು ಬರೆಯುವವರು ಸಾಲುಸಾಲಾಗಿ ಕಲಿತು ಹೊಸದಕ್ಕೆ ಕಲಿಸಿದ್ದರು. ಅತ್ತೆಯವರ ಕೈಯ ಹುಳಿಪುಡಿ ಈಗ ನನ್ನ ಕೈಯಲ್ಲಿದೆಯಲ್ಲ, ಹಾಗೆ. 2013ರ ನಾಲ್ಕನೆಯ ಯಂತ್ರ ಮಾತ್ರ ಹಿಂದಿನ ಮೂರರ ಡಿಸ್ಕುಗಳನ್ನೂ ಓಡಿಸಲಿಲ್ಲ. 2020ರ ಐದನೆಯದು ನಾಲ್ಕನೆಯದರ ಡಿಸ್ಕುಗಳನ್ನು ಓಡಿಸುತ್ತದೆ, ಎರಡರ ಚಿಪ್ಪೂ ಒಂದೇ ವಂಶದ್ದು. ಅದಕ್ಕಿಂತ ಹಿಂದಿನ ಪೀಳಿಗೆಗೆ ಅಲ್ಲಿ ಜಾಗವಿಲ್ಲ.

ಮೊಮ್ಮಗನಿಗೆ ಉತ್ತರ ಹೇಳಬೇಕಿತ್ತು. ತಂಗಿಗೆ ಫೋನು ಮಾಡಿ, ಆ ಹಳೆಯ ಯಂತ್ರ ಏನಾಯಿತೆಂದು ವಿಚಾರಿಸಿದೆ.

"ಇದೆ ಕಣೇ ಅಕ್ಕ, ಎಸೆದಿಲ್ಲ. ದೇವರಮನೆಯ ಸೀರಿಯಲ್ ಲೈಟಿನ ಸ್ವಿಚ್ಚುಬೋರ್ಡು ಎತ್ತರಕ್ಕೆ ಬರಲಿ ಅಂತ ಕೆಳಗಿಟ್ಟಿದ್ದೀವಿ" ಎಂದಳು.

ಸರಿ, ಅದಕ್ಕೂ ಒಂದು ಕೆಲಸವಿದೆ. ಅದಕ್ಕೇ ಉಳಿದಿದೆ. ಡಬ್ಬಿಯನ್ನು ಮತ್ತೆ ಅಟ್ಟಕ್ಕೆ ಹಾಕಲಿಲ್ಲ. ಮುಂದಿನ ವಾರ ತಂಗಿಯ ಮನೆಗೆ ಹೊರಡುವ ಚೀಲದಲ್ಲಿಟ್ಟೆ.