ನಕ್ಷತ್ರ ಮಿನುಗುವುದೇಕೆ?

ಕಾಪು ಕಡಲತೀರದ ದೀಪಸ್ತಂಭ ನಿರ್ಮಾಣವಾದದ್ದು 1901ರಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಅದರ ಬುಡದ ಬಂಡೆಯ ಮೇಲೆ ನಿಂತು ದೂರದ ದೋಣಿಯನ್ನು ನೋಡಿದರೆ ಅದರ ಅಂಚುಗಳು ನಡುಗಿದಂತೆ ಕಾಣುತ್ತವೆ. ಬೈನಾಕ್ಯುಲರ್ ಹಿಡಿದರೆ ದೋಣಿಯ ಜೊತೆಗೆ ಆ ನಡುಕವೂ ದೊಡ್ಡದಾಗುತ್ತದೆ. ಬಿಸಿ ಗಾಳಿ, ತಂಪು ಗಾಳಿ ಬೆರೆತು ಸುಳಿಯುವಾಗ ಬೆಳಕು ಕ್ಷಣಕ್ಷಣಕ್ಕೂ ಬೇರೆ ಬೇರೆ ಕಡೆಗೆ ಬಾಗುವುದೇ ಇದಕ್ಕೆ ಕಾರಣ. ನಕ್ಷತ್ರ ಮಿನುಗುವುದೂ ಇದರಿಂದಲೇ.

ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಥಮ್ 11ನೇ ಶತಮಾನದ ಆರಂಭದಲ್ಲಿ 'ಕಿತಾಬುಲ್ ಮನಾಝಿರ್' ಎಂಬ ಗ್ರಂಥ ರಚಿಸಿದರು. (ಉರ್ದು ಬಲ್ಲವರಿಗೆ 'ಮಂಝರ್' ಪದ ಪರಿಚಿತ, ಅದರ ಬಹುವಚನವೇ ಮನಾಝಿರ್.) ನಕ್ಷತ್ರದ ಬೆಳಕು ಗಾಳಿಯನ್ನು ಪ್ರವೇಶಿಸುವಾಗ ಬಾಗುತ್ತದೆ, ಆದ್ದರಿಂದ ಅದು ತನ್ನ ನಿಜಸ್ಥಾನದಲ್ಲಿ ನಮಗೆ ಕಾಣುವುದಿಲ್ಲ ಎಂಬುದು ಅದರ ಏಳನೆಯ ಭಾಗದಲ್ಲಿದೆ. ಟಾಲೆಮಿಗೂ ಈ ಬಾಗುವಿಕೆ ತಿಳಿದಿತ್ತು. ಎಲ್ಲವನ್ನೂ ಮೊದಲು ಕಂಡುಹಿಡಿದವರು ನಮ್ಮವರೇ ಎಂದು ವೇದಿಕೆಗಳಲ್ಲಿ ಹೇಳುವ ರೂಢಿ ನನಗೆ ಸರಿಕಾಣದು. ಇಬ್ನುಲ್ ಹೈಥಮರ ಹಿರಿಮೆ ಅವರು ಪ್ರಯೋಗ ಮಾಡಿ ಪರೀಕ್ಷಿಸಿದ್ದರಲ್ಲಿದೆ.

ಗಾಳಿಯ ನಡುಕ ದೊಡ್ಡ ತೊಡಕಾದದ್ದು ದೂರದರ್ಶಕ ಬಂದ ಮೇಲೆ. ದೂರದರ್ಶಕವನ್ನು ಎಷ್ಟೇ ಚೆನ್ನಾಗಿ ತಯಾರಿಸಿದರೂ ಒಂದು ಮಿತಿ ಇದ್ದೇ ಇರುತ್ತದೆ, ಎತ್ತರದ ಪರ್ವತಗಳ ಪ್ರಶಾಂತ ಗಾಳಿಯೊಂದೇ ಅದಕ್ಕೆ ಪರಿಹಾರ ಎಂದು ನ್ಯೂಟನ್ 1704ರಲ್ಲೇ ಬರೆದಿದ್ದರು. ಲೆಕ್ಕ ಹೀಗಿದೆ: ಒಳ್ಳೆಯ ಪರ್ವತದ ಮೇಲೂ ಗಾಳಿಯು ನಕ್ಷತ್ರದ ಚುಕ್ಕೆಯನ್ನು ಸುಮಾರು ಒಂದು ಆರ್ಕ್ ಸೆಕೆಂಡಿನಷ್ಟು ಹರಡಿಬಿಡುತ್ತದೆ. ಐದು ಕಿಲೋಮೀಟರ್ ಆಚೆ ಇಟ್ಟ ಒಂದು ರೂಪಾಯಿ ನಾಣ್ಯ ಕಾಣುವಷ್ಟು ಗಾತ್ರ ಅದು. ಹೀಗಾಗಿ 2 ಮೀಟರ್ ಕನ್ನಡಿ ಹೆಚ್ಚು ಬೆಳಕನ್ನು ಹಿಡಿದರೂ ಸೂಕ್ಷ್ಮ ವಿವರ ತೋರಿಸುವುದರಲ್ಲಿ 12-13 ಸೆಂಟಿಮೀಟರಿನ ಚಿಕ್ಕ ದೂರದರ್ಶಕವನ್ನು ಮೀರುವುದು ಕಷ್ಟ. ಶಾಲೆಯ ದೂರದರ್ಶಕದಲ್ಲಿ ಶನಿಯ ಬಳೆ ಮಸುಕಾಗಿ ಕಂಡರೆ ವಿದ್ಯಾರ್ಥಿಗಳು ಮಸೂರವನ್ನು ದೂರುವ ಮೊದಲು ಗಾಳಿಯನ್ನೂ ನೆನೆಯಬೇಕು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ದೊಡ್ಡ ದೂರದರ್ಶಕ 1986ರಲ್ಲಿ ತಮಿಳುನಾಡಿನ ಕಾವಲೂರಿನಲ್ಲಿ ಆರಂಭವಾಯಿತು. ಕನ್ನಡಿ 2.34 ಮೀಟರ್, ಸ್ಥಳದ ಎತ್ತರ ಸುಮಾರು 700 ಮೀಟರ್ ಮಾತ್ರ. ಮುಂದೆ ಅದೇ ಸಂಸ್ಥೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಸ್ಥಾಪಿಸಿತು. ಕನ್ನಡಿ ಚಿಕ್ಕದಾದರೂ ಗಾಳಿ ತೆಳು, ಒಣ, ಶಾಂತ. ಚಿತ್ರ ಹೆಚ್ಚು ಸ್ಪಷ್ಟ.

ಗಾಳಿಯ ನಡುಕಕ್ಕೆ ತಕ್ಕಂತೆ ಕನ್ನಡಿಯನ್ನೇ ಬಾಗಿಸುವ ಉಪಾಯವನ್ನು ಅಮೆರಿಕದ ಹೊರೇಸ್ ಬಾಬ್‌ಕಾಕ್ 1953ರಲ್ಲಿ ಸೂಚಿಸಿದರು. ದಶಕಗಳ ನಂತರ ಕಂಪ್ಯೂಟರುಗಳು ವೇಗವಾದಾಗ ಅದು ಕೈಗೂಡಿತು.

ಹಾನ್ಲೆಯಲ್ಲಿ ಆಮ್ಲಜನಕ ಕಡಿಮೆ, ಚಳಿ ವಿಪರೀತ. ಆದುದರಿಂದ ಅಲ್ಲಿನ ದೂರದರ್ಶಕವನ್ನು 2001ರಲ್ಲಿ ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಗೆ ಜೋಡಿಸಿದರು. ವೀಕ್ಷಕರು ಅಲ್ಲಿ ಕುಳಿತೇ ಹಿಮಾಲಯದ ಆಕಾಶವನ್ನು ನೋಡತೊಡಗಿದರು.