ವಯಸ್ಕರ ಜಾಲತಾಣದ ಬಾಗಿಲಲ್ಲಿ ವಯಸ್ಸಿನ ತಪಾಸಣೆ

ವಯಸ್ಕರ ಜಾಲತಾಣಗಳಿಗೆ ವಯಸ್ಸಿನ ತಪಾಸಣೆಯನ್ನು ಕಡ್ಡಾಯ ಮಾಡುವ ಅಮೆರಿಕದ ಕಾನೂನುಗಳ ಬೇರು ಇಂಟರ್ನೆಟ್‌ಗಿಂತ ಹಳೆಯದು. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡ್‌ನಲ್ಲಿ ಬೆಲ್ಮೋರ್ ಎಂಬ ಊರಿದೆ. ಸ್ಯಾಮ್ ಗಿನ್ಸ್‌ಬರ್ಗ್ ದಂಪತಿ ಅಲ್ಲಿ ಕಾಗದ-ಪೆನ್ನು, ತಿಂಡಿ, ಪತ್ರಿಕೆ ಮಾರುವ ಅಂಗಡಿ ಇಟ್ಟಿದ್ದರು. 1965ರ ಅಕ್ಟೋಬರ್‌ನಲ್ಲಿ 16 ವರ್ಷದ ಹುಡುಗನೊಬ್ಬ ನಗ್ನಚಿತ್ರಗಳಿದ್ದ ಎರಡು ಪತ್ರಿಕೆಗಳನ್ನು ಅಲ್ಲಿ ಕೊಂಡ. ಅವನನ್ನು ಕಳಿಸಿದ್ದು ಹೆತ್ತ ತಾಯಿಯೇ. ಅಂಗಡಿಯವನ ಮೇಲೆ ಮೊಕದ್ದಮೆ ಹೂಡಲು ಆಕೆಗೆ ಆಧಾರ ಬೇಕಿತ್ತು. 17 ತುಂಬದವರಿಗೆ ಇಂಥ ಪತ್ರಿಕೆ ಮಾರಬಾರದೆಂಬ ರಾಜ್ಯದ ಕಾನೂನನ್ನು ಸುಪ್ರೀಂ ಕೋರ್ಟ್ 1968ರಲ್ಲಿ ಎತ್ತಿಹಿಡಿಯಿತು. ದೊಡ್ಡವರ ಮಟ್ಟಿಗೆ ಅಶ್ಲೀಲವಲ್ಲದ್ದು ಮಕ್ಕಳ ಮಟ್ಟಿಗೆ ಅಶ್ಲೀಲವಾಗಬಹುದು ಎಂದು ನ್ಯಾಯಮೂರ್ತಿ ವಿಲಿಯಂ ಬ್ರೆನ್ನನ್ ಬರೆದರು. ಆದರೆ ಮಕ್ಕಳ ಹೆಸರಿನಲ್ಲಿ ದೊಡ್ಡವರ ಓದಿಗೂ ಬೀಗ ಹಾಕುವಂತಿಲ್ಲವೆಂದು 1957ರ ಮಿಷಿಗನ್ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿಯಾಗಿತ್ತು. ಎರಡೂ ತೀರ್ಪುಗಳನ್ನು ಒಟ್ಟಿಗೆ ನಡೆಸಿದ್ದು ಅಂಗಡಿಯವನ ಕಣ್ಣು. ಗಿರಾಕಿಯ ಮುಖ ನೋಡಿ ಆತ ವಯಸ್ಸು ಅಂದಾಜು ಮಾಡುತ್ತಿದ್ದ, ಅನುಮಾನ ಬಂದರೆ ಗುರುತಿನ ಚೀಟಿ ಕೇಳುತ್ತಿದ್ದ. ಅದಕ್ಕೆ ಬೇರೆ ಖರ್ಚಿರಲಿಲ್ಲ, ಯಾರು ಏನು ಕೊಂಡರೆಂಬ ದಾಖಲೆಯೂ ಉಳಿಯುತ್ತಿರಲಿಲ್ಲ.

1980ರ ದಶಕದಲ್ಲಿ ಫೋನಿನಲ್ಲಿ ಕಾಮಪ್ರಚೋದಕ ಮಾತು ಕೇಳಿಸುವ ವ್ಯಾಪಾರ ಬೆಳೆಯಿತು. ಮುಖ ಕಾಣದ ಗಿರಾಕಿ ಕಾನೂನಿಗೆ ಎದುರಾದದ್ದು ಆಗ. ಇಂಥ ಕರೆಗಳನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಪೂರ್ತಿ ನಿಷೇಧಿಸಿತು. ಕ್ರೆಡಿಟ್ ಕಾರ್ಡ್ ಅಥವಾ ಗುಪ್ತ ಸಂಖ್ಯೆ ಕೇಳಿ ಮಕ್ಕಳನ್ನು ತಡೆಯಬಹುದಾಗಿರುವಾಗ, ಅಶ್ಲೀಲವೆನ್ನಲಾಗದ ಅಸಭ್ಯ ಮಾತಿನ ಮೇಲೂ ನಿಷೇಧ ಹೇರುವುದು ಅತಿಯಾಯಿತು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿತು.

ನೆಬ್ರಾಸ್ಕಾದ ಸೆನೆಟರ್ ಜೇಮ್ಸ್ ಎಕ್ಸನ್ ಮುಂದಿಟ್ಟ ಸಂವಹನ ಸಭ್ಯತಾ ಕಾಯ್ದೆಗೆ 1996ರ ಫೆಬ್ರವರಿಯಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದರು. ಮಕ್ಕಳ ಕಣ್ಣಿಗೆ ಬೀಳುವಂತೆ ಅಸಭ್ಯವಾದದ್ದನ್ನು ಇಂಟರ್ನೆಟ್‌ನಲ್ಲಿ ಇಡುವುದು ಅಪರಾಧವಾಯಿತು. ಕಾರ್ಡ್ ಕೇಳಿ ವಯಸ್ಸು ತಿಳಿದವರಿಗೆ ವಿನಾಯಿತಿ ಇತ್ತು. ಫಿಲಡೆಲ್ಫಿಯಾದ ನ್ಯಾಯಾಧೀಶರು ಈ ವಿನಾಯಿತಿಯ ಲೆಕ್ಕ ಹಾಕಿ ನೋಡಿದರು. ಕಾರ್ಡ್ ತಪಾಸಣೆಗೆ ಪ್ರತಿ ಸಲವೂ ಹಣ ತೆರಬೇಕು. ಬಿಟ್ಟಿ ಮಾಹಿತಿ ಕೊಡುವ ಗ್ರಂಥಾಲಯವೋ ಆರೋಗ್ಯ ಸಂಸ್ಥೆಯೋ ಅದನ್ನು ಹೊರುವುದು ಹೇಗೆ? 1997ರ ಜೂನ್ 26ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಆದರೆ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಪ್ರತ್ಯೇಕ ಅಭಿಪ್ರಾಯದಲ್ಲಿ ಒಂದು ಬಾಗಿಲನ್ನು ತೆರೆದಿಟ್ಟರು: ಮುಂದೆ ತಂತ್ರಜ್ಞಾನ ಬೆಳೆದರೆ ಇಂಟರ್ನೆಟ್‌ನಲ್ಲೂ ವಯಸ್ಕರದೇ ವಲಯಗಳು ಸಾಧ್ಯವಾಗಬಹುದು.

ಕಾನೂನು ಬಿದ್ದರೂ ತಪಾಸಣೆ ನಿಲ್ಲಲಿಲ್ಲ. ಈ ಇತಿಹಾಸದಲ್ಲಿ ಹೆಚ್ಚು ಕುತೂಹಲಕರವಾದ, ಅಷ್ಟೇ ಮರೆತುಹೋದ ಅಧ್ಯಾಯವಿದು. ಸೈಬರ್‌ನೆಟ್ ವೆಂಚರ್ಸ್ ಕಂಪನಿಯ ‘ಅಡಲ್ಟ್ ಚೆಕ್’ನಂಥ ಸೇವೆಗಳು ಕ್ರೆಡಿಟ್ ಕಾರ್ಡ್‌ನಿಂದ ಹಣ ಪಡೆದು ಗಿರಾಕಿಗೆ ಒಂದು ಸಂಖ್ಯೆ ಕೊಡುತ್ತಿದ್ದವು. ಸಾವಿರಾರು ತಾಣಗಳಿಗೆ ಅದೊಂದೇ ಸಾಕಿತ್ತು. ಗಿರಾಕಿಯನ್ನು ತಂದ ತಾಣಕ್ಕೆ ಕಮಿಷನ್ ಹೋಗುತ್ತಿತ್ತು. ಹೆಸರಿಗೆ ವಯಸ್ಸಿನ ತಪಾಸಣೆ, ನಿಜಕ್ಕೂ ಟಿಕೆಟ್ ಮಾರಾಟ. ಹಣ ಬರುವ ತನಕ ವ್ಯಾಪಾರಿಗಳೇ ಬಾಗಿಲು ಕಾಯುತ್ತಿದ್ದರು. 2007ರ ಹೊತ್ತಿಗೆ ಪೋರ್ನ್‌ಹಬ್‌ನಂಥ ತಾಣಗಳು ಎಲ್ಲವನ್ನೂ ಬಿಟ್ಟಿಯಾಗಿ ತೋರಿಸಿ ಜಾಹೀರಾತಿನಿಂದ ಗಳಿಸತೊಡಗಿದವು. ಕಾರ್ಡ್ ಕೇಳುವ ಕಾರಣವೇ ಉಳಿಯಲಿಲ್ಲ. ತಪಾಸಣೆಯ ಜಾಗದಲ್ಲಿ ‘18 ತುಂಬಿದೆ’ ಎಂದು ಒತ್ತುವ ಒಂದು ಗುಂಡಿ ಉಳಿಯಿತು.

ಇತ್ತ ಕಾಂಗ್ರೆಸ್ 1998ರಲ್ಲಿ ವಾಣಿಜ್ಯ ತಾಣಗಳಿಗಷ್ಟೇ ಅನ್ವಯಿಸುವ ಇನ್ನೊಂದು ಕಾನೂನು ಮಾಡಿತ್ತು. ಹತ್ತು ವರ್ಷ ಕೋರ್ಟುಗಳಲ್ಲೇ ಸುತ್ತಿದ ಅದು ಒಂದು ದಿನವೂ ಜಾರಿಗೆ ಬರಲಿಲ್ಲ. ತಂದೆತಾಯಿ ಮನೆಯ ಕಂಪ್ಯೂಟರಿನಲ್ಲಿ ಫಿಲ್ಟರ್ ಹಾಕಿಕೊಳ್ಳುವುದು ಇದಕ್ಕಿಂತ ಹಗುರವಾದ ದಾರಿ ಎಂಬುದು 2004ರ ತೀರ್ಪಿನ ಸಾರ.

ಬ್ರಿಟನ್ ಬೇರೆ ದಾರಿಯಲ್ಲಿ ಮುಗ್ಗರಿಸಿತು. ಅಲ್ಲಿನ 2017ರ ಡಿಜಿಟಲ್ ಎಕಾನಮಿ ಕಾಯ್ದೆಯಡಿ ತಪಾಸಣೆಯ ಉಸ್ತುವಾರಿಯನ್ನು ಸಿನಿಮಾಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗೆ ವಹಿಸಲಾಯಿತು. ಹೆಸರು ಹೇಳಲು ಇಷ್ಟವಿಲ್ಲದವರು ಬೀದಿಯ ಅಂಗಡಿಯಲ್ಲಿ ಮುಖ ತೋರಿಸಿ ಒಂದು ಕಾರ್ಡ್ ಕೊಳ್ಳುವ ಯೋಜನೆಯೂ ಸಿದ್ಧವಾಯಿತು. ಆದರೆ ಐರೋಪ್ಯ ಒಕ್ಕೂಟಕ್ಕೆ ಕೊಡಬೇಕಾದ ಸೂಚನೆಯನ್ನೇ ಸರ್ಕಾರ ಮರೆತಿತ್ತು! ದಿನಾಂಕ ಮುಂದೆ ಹೋಯಿತು, 2019ರ ಅಕ್ಟೋಬರ್‌ನಲ್ಲಿ ಯೋಜನೆಯೇ ಕೈಬಿಟ್ಟುಹೋಯಿತು.

ಅಮೆರಿಕದಲ್ಲಿ ವಿಷಯ ಮತ್ತೆ ಎದ್ದದ್ದು ಲೂಯಿಸಿಯಾನಾದಲ್ಲಿ. ಲೈಂಗಿಕ ವ್ಯಸನದ ಆಪ್ತಸಮಾಲೋಚಕಿಯೂ ಆಗಿದ್ದ ಶಾಸಕಿ ಲಾರಿ ಶ್ಲೆಗಲ್ 2022ರಲ್ಲಿ ಮಸೂದೆ ತಂದರು. ಎಳವೆಯಲ್ಲೇ ಇಂಥ ದೃಶ್ಯ ನೋಡಿ ತನಗಾದ ಹಾನಿಯನ್ನು ಗಾಯಕಿ ಬಿಲ್ಲಿ ಐಲಿಶ್ ರೇಡಿಯೋದಲ್ಲಿ ಹೇಳಿಕೊಂಡದ್ದು ಅವರಿಗೆ ಪ್ರೇರಣೆ. ತಾಣದ ಮೂರನೇ ಒಂದು ಪಾಲಿಗಿಂತ ಹೆಚ್ಚು ಇಂಥ ಸಾಮಗ್ರಿಯಿದ್ದರೆ ತಪಾಸಣೆ ಕಡ್ಡಾಯ, ತಪ್ಪಿದರೆ ಪೋಷಕರು ದಾವೆ ಹೂಡಬಹುದು. ಈ ಮೂರನೇ ಒಂದರ ಲೆಕ್ಕ ವಿಚಿತ್ರವಾದದ್ದು: ಅದೇ ದೃಶ್ಯಗಳು ಹೇರಳವಾಗಿರುವ ದೊಡ್ಡ ಸಾಮಾಜಿಕ ಜಾಲತಾಣ ಕಾನೂನಿನ ಹೊರಗೇ ಉಳಿಯುತ್ತದೆ. ಆದರೆ ಹಿಂದಿನವರಿಗೆ ಇಲ್ಲದ ಅನುಕೂಲವೊಂದು ಈ ರಾಜ್ಯಕ್ಕಿತ್ತು. ಜನರ ಫೋನಿನಲ್ಲಿ ಸರ್ಕಾರ ಒಪ್ಪಿದ ಡಿಜಿಟಲ್ ಚಾಲನಾ ಪರವಾನಗಿ ‘ಎಲ್‌ಎ ವಾಲೆಟ್’ 2018ರಿಂದಲೇ ಇತ್ತು. 2023ರ ಜನವರಿ 1ರಂದು ಕಾನೂನು ಜಾರಿಗೆ ಬಂತು. ಪೋರ್ನ್‌ಹಬ್ ಇಲ್ಲಿ ತಲೆಬಾಗಿತು. ಭೇಟಿ ಕೊಡುವವರು ಶೇ. 80ರಷ್ಟು ಕಡಿಮೆಯಾದರೆಂದು ಅದರ ಕಂಪನಿ ಹೇಳಿತು. ಮುಂದೆ ಯೂಟಾ, ಟೆಕ್ಸಾಸ್ ಮೊದಲಾದ ರಾಜ್ಯಗಳಲ್ಲಿ ತಪಾಸಣೆ ಮಾಡುವ ಬದಲು ತಾಣವನ್ನೇ ಮುಚ್ಚಿತು. ತಾವಿರುವ ಜಾಗವನ್ನು ಮರೆಮಾಚುವ ವಿಪಿಎನ್ ಬಲ್ಲವರಿಗೆ ಅದೇನೂ ಅಡ್ಡಿಯಾಗಲಿಲ್ಲ.

ಟೆಕ್ಸಾಸ್‌ನ 2023ರ ಕಾನೂನು ದಿನಕ್ಕೆ 10,000 ಡಾಲರ್ ತನಕ ದಂಡ ವಿಧಿಸುತ್ತಿತ್ತು. ಒಂದು ಲಕ್ಷ ತಪಾಸಣೆಗೆ ಕನಿಷ್ಠ 40,000 ಡಾಲರ್ ಬೀಳುತ್ತದೆಂಬ ಲೆಕ್ಕ ಕೆಳಗಿನ ಕೋರ್ಟಿನ ಮುಂದೆ ಬಂತು. ಖರ್ಚಿಗಿಂತ ಗಂಭೀರವಾದ ಆಕ್ಷೇಪ ದಾಖಲೆಯದು: ಯಾರು ಏನು ನೋಡಿದರೆಂಬ ಸುಳಿವು ಸೋರಿದರೆ ಅದನ್ನು ಮತ್ತೆ ಮುಚ್ಚಿಡಲಾಗದು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು. ದೊಡ್ಡವರಿಗೆ ಆಗುವ ತೊಂದರೆ ಆನುಷಂಗಿಕವಾದದ್ದು, ಆದ್ದರಿಂದ ಕಾನೂನನ್ನು ಅತಿ ಕಠಿಣ ನ್ಯಾಯಿಕ ಪರೀಕ್ಷೆಗೆ ಒಡ್ಡಬೇಕಿಲ್ಲ ಎಂದರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. 1989, 1997, 2004ರ ತೀರ್ಪುಗಳು ಆ ಕಠಿಣ ಪರೀಕ್ಷೆಯನ್ನೇ ಬಳಸಿದ್ದವೆಂದು ಎಲೆನಾ ಕಾಗನ್ ಭಿನ್ನಮತ ಬರೆದರು. ಪೂರ್ವನಿದರ್ಶನಗಳ ಮಟ್ಟಿಗೆ ಕಾಗನ್ ಅವರ ಮಾತೇ ಗಟ್ಟಿ. ಆದರೆ 1997ರ ಕಂಪ್ಯೂಟರ್ ಕೋಣೆಗೂ ಮಕ್ಕಳ ಜೇಬಿನ ಫೋನಿಗೂ ಇರುವ ಅಂತರ ಬಹುಮತದ ಕೈ ಬಲಪಡಿಸಿತು.

ಅದೇ ವರ್ಷ ಜುಲೈ 25ರಂದು ಬ್ರಿಟನ್‌ನಲ್ಲೂ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯಡಿ ತಪಾಸಣೆ ಕಡ್ಡಾಯವಾಯಿತು. ವಿಡಿಯೊ ಗೇಮಿನ ಪಾತ್ರದ ಮುಖ ತೋರಿಸಿ, ಮುಖದಿಂದ ವಯಸ್ಸು ಅಂದಾಜು ಮಾಡುವ ಕ್ಯಾಮೆರಾವನ್ನು ಏಮಾರಿಸಿದ ಸುದ್ದಿಗಳು ಆ ವಾರವೇ ಬಂದವು. ಈಗಿನ ಜಗಳ ಹೊಣೆ ಯಾರದೆಂಬುದರ ಮೇಲೆ. ವಯಸ್ಸನ್ನು ಫೋನಿನಲ್ಲೇ ತಿಳಿದುಕೊಳ್ಳಲಿ ಎಂದು ಪೋರ್ನ್‌ಹಬ್‌ನ ಮಾಲೀಕರು ವಾದಿಸುತ್ತಾರೆ. ಆಪ್ ಅಂಗಡಿಗಳೇ ವಯಸ್ಸು ಕೇಳಬೇಕೆಂದು ಯೂಟಾ 2025ರ ಮಾರ್ಚ್‌ನಲ್ಲಿ ಕಾನೂನು ಮಾಡಿತು. ಮೆಟಾ ಈ ಬಗೆಯ ಕಾನೂನನ್ನು ಬೆಂಬಲಿಸಿದರೆ, ಆಪಲ್ ವಿರೋಧಿಸುತ್ತದೆ.