ಗಾರುಡಿಗನ ಮುಂದೆ ಗಾರುಡಿ

ಹೊಸದಾಗಿ ಹೋಳಿಗೆ ಕಲಿತ ಸೊಸೆ ಎಲೆಗೆ ಬಡಿಸಿದಾಗ, ನಲವತ್ತು ವರ್ಷ ಹೋಳಿಗೆ ಲಟ್ಟಿಸಿದ ಅತ್ತೆ ಅದನ್ನು ಹೇಗೆ ತಿನ್ನುತ್ತಾಳೆಂದು ನೀವು ನೋಡಿರಬಹುದು. ಮೊದಲ ತುತ್ತಿಗೇ ಆಕೆಗೆ ಎಲ್ಲವೂ ಗೊತ್ತಾಗಿರುತ್ತದೆ. ಕಣಕ ಎಷ್ಟು ಹೊತ್ತು ನೆನೆದಿತ್ತು, ಹೂರಣ ರುಬ್ಬುವಾಗ ಸೊಸೆಗೆ ಎಲ್ಲಿ ಅವಸರವಾಯಿತು, ಬೆಂಕಿ ಯಾವಾಗ ಹೆಚ್ಚಾಯಿತು, ಎಲ್ಲ ನಾಲಿಗೆಯೇ ಹೇಳಿಬಿಡುತ್ತದೆ. ಆದರೆ ಬಾಗಿಲ ಮರೆಯಲ್ಲಿ ನಿಂತ ಆ ಹುಡುಗಿಯ ಕಣ್ಣು ಅತ್ತೆಯ ಮುಖದ ಮೇಲೇ ಇರುತ್ತವಲ್ಲ! ಆಗ ಒಬ್ಬಾಕೆ 'ಬೆಲ್ಲ ಕಡಿಮಿ ಆತು' ಅನ್ನುತ್ತಾಳೆ. ಇನ್ನೊಬ್ಬಾಕೆ ಸುಮ್ಮನೆ ಎಲೆ ಮಡಚಿ ಏಳುತ್ತಾಳೆ. ದೊಡ್ಡ ಮನಸ್ಸಿನಾಕೆ ಮಾತ್ರ 'ಇನ್ನೊಂದು ಹಾಕವಾ' ಅನ್ನುತ್ತಾಳೆ. ಬಲ್ಲವರ ದೊಡ್ಡತನ ಅವರು ಮಾಡುವ ಕೆಲಸದಲ್ಲಿ ಕಾಣುವುದಕ್ಕಿಂತ, ಬಾರದವರು ಮಾಡಿದ್ದನ್ನು ನೋಡುವಾಗಲೇ ಹೆಚ್ಚು ಕಾಣುತ್ತದೆ ಎಂದು ನನ್ನ ನಂಬಿಕೆ. ಈ ನಂಬಿಕೆ ಬಂದದ್ದು ಮಾತ್ರ ಅಡಿಗೆಮನೆಯಿಂದಲ್ಲ, ಒಬ್ಬ ಗಾರುಡಿಗನಿಂದ.

1968ನೆಯ ಇಸವಿ. ನನಗೆ ಹನ್ನೊಂದು ವರ್ಷ. ಇಳಕಲ್ಲು ಆಗ ಹುನಗುಂದ ತಾಲೂಕಿನ ಊರು, ಜಿಲ್ಲೆ ವಿಜಾಪುರ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗವಿತ್ತು. ಬೆಳಗಾದರೆ ಕೋಳಿ ಕೂಗುವ ಮೊದಲೇ ಮಗ್ಗದ ಸಪ್ಪಳ ಕೇಳುತ್ತಿತ್ತು. ಆ ಸಪ್ಪಳ ನಿಲ್ಲಿಸುವ ಶಕ್ತಿ ಇದ್ದದ್ದು ಗಾರುಡಿಗನ ಡೋಲಿಗೆ ಮಾತ್ರ. ವರ್ಷಕ್ಕೊಮ್ಮೆ ಬನಶಂಕರಿ ಜಾತ್ರೆಗೆ ಬಾದಾಮಿಗೆ ಹೋದವರು ಅಲ್ಲಿಂದ ಗುಳೇದಗುಡ್ಡ, ಹುನಗುಂದ ಹಾದು ನಮ್ಮೂರಿಗೆ ಬರುತ್ತಿದ್ದರು. ಜಾತ್ರೆಯಲ್ಲಿ ನಾಟಕ ಕಂಪನಿಗಳ ದೊಡ್ಡ ದೊಡ್ಡ ಥೇಟರುಗಳ ನಡುವೆ ಇವರ ಹರಕು ಚಾಪೆಗೆ ಯಾರು ಕೇಳಬೇಕು? ಓಣಿಗಳಲ್ಲಿಯೇ ಇವರ ದುಡಿಮೆ.

ಗಾರುಡಿ ಎಂಬ ಮಾತು ಗರುಡನಿಂದ ಬಂದದ್ದು. ಗರುಡ ಹಾವಿನ ವೈರಿ. ಹಾವಿನ ವಿಷ ಇಳಿಸುವ ಮಂತ್ರವಿದ್ಯೆಗೆ ಗಾರುಡವೆಂದು ಹೆಸರು. ಮಂತ್ರ ಹೋಗಿ ಕೈಚಳಕ ಉಳಿದ ಮೇಲೂ ಹೆಸರು ಹಾಗೇ ಉಳಿಯಿತು, ಬುಟ್ಟಿಯೊಳಗಿನ ಹಾವೂ ಉಳಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಹಾವೂ ಹೋಯಿತು. ನಮ್ಮ ಗಾರುಡಿಗನ ಕೈಯಲ್ಲಿ ಒಂದು ನವಿಲುಗರಿಯ ಕಟ್ಟೂ ಇರುತ್ತಿತ್ತು. ಅದನ್ನು ಬೀಸಿದಾಗಲೆಲ್ಲ ಏನೋ ಒಂದು ಮಾಯವಾಗುತ್ತಿತ್ತು, ಇಲ್ಲವೆ ಏನೋ ಒಂದು ಬರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ನಾನು 'ರತ್ನಾವಳಿ' ನಾಟಕ ಓದಿದೆ. ಏಳನೆಯ ಶತಮಾನದ್ದು, ಬರೆದವನು ಹರ್ಷ. ನಮ್ಮ ಬಾದಾಮಿಯ ಇಮ್ಮಡಿ ಪುಲಕೇಶಿಗೆ ಸೋತ ಹರ್ಷನೇ! ಆ ಸೋಲಿನ ಸುದ್ದಿಯನ್ನು ರವಿಕೀರ್ತಿ ಕವಿ 634ರಲ್ಲಿ ಐಹೊಳೆಯ ಮೇಗುತಿ ಗುಡಿಯ ಗೋಡೆಗೆ ಬರೆಸಿಟ್ಟಿದ್ದಾನೆ. ಆ ಹರ್ಷನ ನಾಟಕದಲ್ಲಿ ಒಬ್ಬ ಐಂದ್ರಜಾಲಿಕ ಅರಮನೆಗೆ ಬರುತ್ತಾನೆ. ಅರಸನ ಮುಂದೆ ನಿಂತು ಆಕಾಶದಲ್ಲಿ ದೇವತೆಗಳನ್ನು ತೋರಿಸುತ್ತಾನೆ, ಅಂತಃಪುರಕ್ಕೆ ಸುಳ್ಳು ಬೆಂಕಿ ಹಚ್ಚುತ್ತಾನೆ. ಅವನ ಕೈಯಲ್ಲಿಯೂ ನವಿಲುಗರಿಯ ಕಟ್ಟು! ಓದುತ್ತಿದ್ದವಳಿಗೆ ಮೈ ಝುಂ ಎಂದಿತು. ಪುಲಕೇಶಿ ಹೋದ, ಹರ್ಷ ಹೋದ, ಗರಿಯ ಕಟ್ಟು ಮಾತ್ರ ಕೈಯಿಂದ ಕೈಗೆ ಬಂದು ನಮ್ಮ ಓಣಿ ಮುಟ್ಟಿತ್ತು.

ಆ ವರ್ಷ ನನ್ನ ಅಣ್ಣ ಜಾತ್ರೆಯಿಂದ ಒಂದು ಜಾದೂ ಪುಸ್ತಕ ತಂದಿದ್ದ. ಅದನ್ನು ಅವನಿಗಿಂತ ಹೆಚ್ಚು ಓದಿದವಳು ನಾನು. ಅದರೊಳಗಿನ ಒಂದು ಆಟ ನನಗೆ ಕೈವಶವಾಯಿತು. ಬೆಂಕಿಕಡ್ಡಿಯೊಂದನ್ನು ಕರವಸ್ತ್ರದಲ್ಲಿ ಸುತ್ತಿ, ನೋಡುವವರ ಕೈಯಿಂದಲೇ ಅದನ್ನು ಮುರಿಸಿ, ವಸ್ತ್ರ ಝಾಡಿಸಿದರೆ ಕಡ್ಡಿ ಇಡಿಯಾಗಿಯೇ ಬೀಳುತ್ತಿತ್ತು. ಅದು ಹೇಗೆಂದು ಕೇಳಬೇಡಿ, ಮುಂದೆ ಯಾಕೆಂದು ನಿಮಗೇ ತಿಳಿಯುತ್ತದೆ.

ಗಾರುಡಿಗ ಆಟ ಮುಗಿಸಿ ಚಾಪೆ ಸುತ್ತುತ್ತಿದ್ದಾಗ ಮುಂದೆ ಹೋಗಿ ನಿಂತೆ. "ನಂಗೂ ಒಂದು ಬರತೈತಿ" ಎಂದೆ. ಅವನು ಚಾಪೆ ಬಿಟ್ಟು ಕುಕ್ಕರುಗಾಲಿನಲ್ಲಿ ಕೂತ. "ತೋರಸು ತಂಗಿ." ತೋರಿಸಿದೆ. ಕೈ ನಡುಗುತ್ತಿತ್ತು. ಕಡ್ಡಿ ಮುರಿದವನು ಅವನೇ. ವಸ್ತ್ರ ಬಿಚ್ಚಿದಾಗ ಅವನ ಕಣ್ಣು ಅರಳಿದವು, ಬಾಯಿ ತೆರೆಯಿತು. "ಅಯ್ ಶಿವನ! ಏ, ಇಲ್ಲಿ ಬಾರಲೇ, ಈ ಕೂಸು ಏನ ಮಾಡ್ತು ನೋಡು" ಎಂದು ಡೋಲು ಕಟ್ಟುತ್ತಿದ್ದ ಹೆಂಡತಿಯನ್ನು ಕರೆದ. ಆಕೆಯೂ ಗಲ್ಲದ ಮೇಲೆ ಕೈ ಇಟ್ಟಳು. ನನ್ನ ಕಾಲು ಆ ದಿನ ನೆಲಕ್ಕೆ ತಾಗಲಿಲ್ಲ. ಗಾರುಡಿಗನಿಗೇ ಗಾರುಡಿ ಮಾಡಿದವಳು ನಾನು!

ಮರುದಿನ ಅವರು ಹಿಂದಿನ ಓಣಿಯಲ್ಲಿ ಚಾಪೆ ಹಾಸಿದರು. ನಾನೂ ಹೋದೆ. ಮೂರು ಬಟ್ಟಲು, ಒಂದು ಚಿಂದಿಯ ಉಂಡೆ. ಯಾವ ಬಟ್ಟಲ ಕೆಳಗೆ ಉಂಡೆ ಇದೆ ಎಂದು ಅವನು ಕೇಳುತ್ತಿದ್ದ, ಜನ ಹೇಳಿ ಹೇಳಿ ಸೋಲುತ್ತಿದ್ದರು. ಹೊಸ ವಿದ್ಯೆಯ ಸೊಕ್ಕು ನನ್ನ ತಲೆಯಲ್ಲಿತ್ತು. ಎಲ್ಲರೂ ಬಟ್ಟಲು ನೋಡುವಾಗ ನಾನು ಅವನ ಕೈ ನೋಡಿದೆ. "ಬಟ್ಟಲದಾಗ ಇಲ್ಲೇ ಇಲ್ಲ, ಎಡಗೈಯಾಗ ಐತಿ!" ಎಂದು ಕೂಗಿಬಿಟ್ಟೆ. ಒಬ್ಬ ಹುಡುಗ ನುಗ್ಗಿ ಅವನ ಬೆರಳು ಬಿಡಿಸಿದ. ಉಂಡೆ ಕೆಳಗೆ ಬಿತ್ತು. ಜನ ಹೋ ಎಂದು ನಕ್ಕು ಚದುರಿದರು. ಹೆಂಡತಿ ಹಾಸಿದ ಬಟ್ಟೆಯ ಮೇಲೆ ನಾಲ್ಕಾರು ಪೈಸೆ ಬಿದ್ದಿದ್ದವು. ಆಕೆ ಅವನ್ನು ಎಣಿಸಲಿಲ್ಲ, ಎಣಿಸುವಷ್ಟು ಇರಲಿಲ್ಲ. ಒಮ್ಮೆ ನನ್ನ ಕಡೆ ನೋಡಿ ಕೂಸನ್ನು ಬಗಲಿಗೆ ಎತ್ತಿಕೊಂಡಳು, ಅಷ್ಟೆ.

ಮನೆಗೆ ಬಂದು ಅವ್ವನ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆ. ಅವ್ವ ಕೊಂಡಿ ಹಾಕುತ್ತ ಕೂತಿದ್ದಳು. ಇಳಕಲ್ ಸೀರೆಯ ಜೀವವೇ ಈ ಕೊಂಡಿ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದರೆ ಮಾತ್ರ ಸೆರಗು ಒಡಲಿಗೆ ಹತ್ತುತ್ತದೆ. ಉಟ್ಟವರಿಗೆ ಅದು ಕಾಣುವುದೇ ಇಲ್ಲ. ಅವ್ವನ ಕೈ ನಿಂತಿತು. "ಅವನ ಕೈಚಳಕ ಅವನ ಮಗ್ಗ. ನೀ ಹೋಗಿ ಅವನ ಹಾಸು ಹರದು ಬಂದೀದಿ" ಎಂದಳು. ಬೈಯಲಿಲ್ಲ, ಹೊಡೆಯಲಿಲ್ಲ. ಎದ್ದು ಹೋಗಿ ಬುಟ್ಟಿಗೆ ಜೋಳದ ರೊಟ್ಟಿ ಹಾಕಿದಳು, ಮೇಲೆ ಬದನೆಕಾಯಿ ಪಲ್ಯ, ಒಂದು ಸೇರು ಜೋಳ. "ಹೋಗಿ ಕೊಟ್ಟು ಬಾ. ನಿನ್ನ ಕೈಲೇ ಕೊಡು."

ಊರ ಹೊರಗೆ ಬೇವಿನ ಗಿಡದ ಕೆಳಗೆ ಅವರ ಬಿಡಾರ. ಒಲೆ ಹೊತ್ತಿರಲಿಲ್ಲ. ಗಾರುಡಿಗ ಬುಟ್ಟಿ ಇಸಗೊಂಡು ನಕ್ಕ. ನಾನು ಅಳುತ್ತಿದ್ದೆನೆಂದು ಕಾಣುತ್ತದೆ. ಹತ್ತಿರ ಕೂಡಿಸಿಕೊಂಡು ಮೆಲ್ಲಗೆ ಅಂದ: "ತಂಗಿ, ನಿನ್ನ ಕಡ್ಡಿ ಎಲ್ಲಿತ್ತಂತ ನಿನ್ನೆ ನಾ ವಸ್ತ್ರ ಮುಟ್ಟಿದಾಗನ ಗೊತ್ತಾತು. ಹೇಳಿದ್ನೇನು?"

ಅವನು ಅಂದದ್ದು ಅಷ್ಟೆ. ಇಷ್ಟು ವರ್ಷವಾದರೂ ಆ ಮಾತು ಕಿವಿಯಲ್ಲಿದೆ.

ದೊಡ್ಡವಳಾದ ಮೇಲೆ ನಮ್ಮ ಉತ್ತರ ಕರ್ನಾಟಕದ ಮೋಡಿ ಆಟದ ಬಗ್ಗೆ ಯೋಚಿಸಿದಾಗ ಅವನ ಅರಳಿದ ಕಣ್ಣಿನ ಅರ್ಥ ಇನ್ನಷ್ಟು ತಿಳಿಯಿತು. ಮೋಡಿ ಆಟದಲ್ಲಿ ಇಬ್ಬರು ಗಾರುಡಿಗರು. ಒಬ್ಬ ನಿಂಬೆಹಣ್ಣೋ, ನಾಣ್ಯವೋ ನೆಲದ ಮೇಲಿಟ್ಟು ಮಂತ್ರ ಹಾಕುತ್ತಾನೆ. ಇನ್ನೊಬ್ಬ ಅದನ್ನು ಎತ್ತಲು ಬರುತ್ತಾನೆ. ಬರುವವನು ಮುಗ್ಗರಿಸುತ್ತಾನೆ, ನೆಲಕ್ಕೆ ಬಿದ್ದು ಹೊರಳಾಡುತ್ತಾನೆ, ಮತ್ತೆ ಎದ್ದು ಬರುತ್ತಾನೆ. ನೋಡುವ ಜನ ಉಸಿರು ಹಿಡಿಯುತ್ತಾರೆ. ವಿಚಾರ ಮಾಡಿ ನೋಡಿ, ಮೋಡಿ ಹಾಕಿದವನು ಏನೂ ಮಾಡುವುದಿಲ್ಲ, ಸುಮ್ಮನೆ ನಿಂತಿರುತ್ತಾನೆ. ಅವನಿಗೆ ಶಕ್ತಿ ತುಂಬುವುದು ಎದುರಿನವನ ಹೊರಳಾಟ. ಸೋಲುವುದೂ ಒಂದು ವಿದ್ಯೆ, ಅದೂ ಕಲಿತೇ ಬರಬೇಕು. ನನ್ನ ಬೆಂಕಿಕಡ್ಡಿಯ ಮುಂದೆ ಆ ಮನುಷ್ಯ ಹೊರಳಾಡಿ ತೋರಿಸಿದ್ದ.

ಎಲ್ಲ ಜಾದೂಗಾರರೂ ಹೀಗಿರುವುದಿಲ್ಲ. ಹ್ಯಾರಿ ಹೂಡಿನಿಯ ಹೆಸರು ನೀವು ಕೇಳಿರಬಹುದು. ಬೇಡಿ, ಬೀಗ, ಪೆಟ್ಟಿಗೆ ಯಾವುದರಿಂದಲೂ ಬಿಡಿಸಿಕೊಂಡು ಬರುತ್ತಿದ್ದ ಅಮೆರಿಕದ ಮಹಾ ಜಾದೂಗಾರ. ಯಾವ ಆಟವನ್ನೇ ಆಗಲಿ ಮೂರು ಸಲ ತೋರಿಸಿದರೆ ಗುಟ್ಟು ಹಿಡಿಯುತ್ತೇನೆಂದು ಅವನ ಪಣ. 1922ರಲ್ಲಿ ಶಿಕಾಗೋದ ಹೋಟೆಲೊಂದರಲ್ಲಿ ಕೆನಡಾದ ಡೈ ವರ್ನನ್ ಎಂಬ ತರುಣ ಅವನಿಗೊಂದು ಇಸ್ಪೀಟಿನ ಆಟ ತೋರಿಸಿದ. ಹೂಡಿನಿ ಒಂದು ಎಲೆಯ ಮೇಲೆ ತನ್ನ ಹೆಸರಿನ ಅಕ್ಷರ ಬರೆದ. ವರ್ನನ್ ಅದನ್ನು ಮೇಲಿನಿಂದ ಎರಡನೆಯದಾಗಿ ಇಟ್ಟ, ಅದು ಮತ್ತೆ ಮೇಲೆಯೇ ಬಂತು. "ಇನ್ನೊಮ್ಮೆ" ಎಂದ ಹೂಡಿನಿ. ಮೂರು ಸಲ ಆಯಿತು, ಐದು ಸಲ ಆಯಿತು, ಏಳು ಸಲ ಆಯಿತೆನ್ನುತ್ತಾರೆ. ಕಡೆಗೆ ಪಕ್ಕದಲ್ಲಿದ್ದ ಹೆಂಡತಿಯೇ ಸೋತೆನೆಂದು ಒಪ್ಪಿಕೊಂಡುಬಿಡು ಎಂದಳಂತೆ. ಹೆಂಡತಿಯರಿಗೆ ಇಂಥವು ಬೇಗ ಕಾಣುತ್ತವೆ, ಅಲ್ಲವೆ? ಹೂಡಿನಿಗೆ ಮೋಸ ಮಾಡಿದವನು ಎಂದು ವರ್ನನ್ ಜೀವನಪೂರ್ತಿ ಹೆಸರು ಪಡೆದ. ನನಗೆ ಮಾತ್ರ ಆ ಏಳು 'ಇನ್ನೊಮ್ಮೆ'ಗಳು ನೆನಪಾಗುತ್ತವೆ. ಊಟದ ಎಲೆಯಲ್ಲಿ 'ಇನ್ನೊಂದು' ಎನ್ನುವುದು ಮೆಚ್ಚುಗೆ, ಜಾದೂವಿನಲ್ಲಿ 'ಇನ್ನೊಮ್ಮೆ' ಎನ್ನುವುದು ಸಂಶಯ. ನಮ್ಮ ಗಾರುಡಿಗ ನನಗೆ ಇನ್ನೊಮ್ಮೆ ಮಾಡು ಅನ್ನಲಿಲ್ಲ.

ಇನ್ನು ಹೆಂಗಸರ ಕಥೆ ಕೇಳಿ. ಈ ವಿದ್ಯೆಯಲ್ಲಿ ನಮ್ಮ ಪಾಲು ಯಾವಾಗಲೂ ಡೋಲು ಬಡಿಯುವುದು, ಬುಟ್ಟಿಯೊಳಗೆ ಮುದುಡಿ ಕೂಡುವುದು, ಇಲ್ಲವೆ ಗರಗಸದಿಂದ ಕೊಯ್ಯಿಸಿಕೊಳ್ಳುವುದು. ಹೆಂಗಸನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಕೊಯ್ಯುವ ಆಟವನ್ನು ಲಂಡನ್ನಿನಲ್ಲಿ ಸೆಲ್ಬಿಟ್ ಎಂಬವನು 1921ರಲ್ಲಿ ರಂಗದ ಮೇಲೆ ತಂದ. 1956ರಲ್ಲಿ ನಮ್ಮ ಕಲಕತ್ತೆಯ ಪಿ.ಸಿ. ಸರ್ಕಾರ್ ಬಿಬಿಸಿ ಟೆಲಿವಿಜನ್ನಿನಲ್ಲಿ ಹುಡುಗಿಯೊಬ್ಬಳನ್ನು ಕೊಯ್ದಾಗ, ಕಾರ್ಯಕ್ರಮ ಥಟ್ಟನೆ ಮುಗಿದು, ಹುಡುಗಿ ಸತ್ತೇ ಹೋದಳೆಂದು ಗಾಬರಿಯಾದ ಜನರ ಫೋನುಗಳು ಸಾಲುಗಟ್ಟಿದವು. ಕೊಯ್ಯಿಸಿಕೊಳ್ಳುವವಳಿಗೆ ಆಟದ ಗುಟ್ಟೆಲ್ಲ ಗೊತ್ತಿರಲೇಬೇಕು. ಆದರೂ ಆಕೆಗೆ ಜಾದೂಗಾರ್ತಿ ಎಂಬ ಹೆಸರಿಲ್ಲ.

1905ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ 'ಮ್ಯಾಜಿಕ್ ಸರ್ಕಲ್' ಎಂಬ ಜಾದೂಗಾರರ ಪ್ರಸಿದ್ಧ ಸಂಘಕ್ಕೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಸೋಫಿ ಲಾಯ್ಡ್ ಎಂಬ ನಟಿ, ಜೆನ್ನಿ ವಿನ್‌ಸ್ಟನ್ಲಿ ಎಂಬ ಜಾದೂಗಾರ್ತಿಯ ಹತ್ತಿರ ಕಲಿತು, ಗಂಡುಡುಗೆ ತೊಟ್ಟು, ರೇಮಂಡ್ ಎಂಬ ಹುಡುಗನಾಗಿ ಪರೀಕ್ಷಕರ ಎದುರು ನಿಂತಳು. ಹೆಣ್ಣಿನ ಕೈ ಗುರುತು ಸಿಗಬಾರದೆಂದು ಕೈಗವಸು ಹಾಕಿಕೊಂಡೇ ಕೈಚಳಕ ತೋರಿಸಿದಳು. ಕೈಗವಸು ಹಾಕಿಕೊಂಡು ಕೊಂಡಿ ಹಾಕಿದಂತೆ! ತೇರ್ಗಡೆಯಾಗಿ 1991ರ ಮಾರ್ಚಿನಲ್ಲಿ ಸದಸ್ಯೆಯಾದಳು. ಅದೇ ವರ್ಷದ ಅಕ್ಟೋಬರಿನಲ್ಲಿ ಸಂಘ ಹೆಂಗಸರಿಗೆ ಬಾಗಿಲು ತೆರೆಯಿತು. ಆಗ ಸೋಫಿ ತಾನು ಯಾರೆಂದು ಹೇಳಿದಳು. ಸಂಘದವರು ಚಪ್ಪಾಳೆ ತಟ್ಟಬೇಕಿತ್ತು. ಮೋಸ ಮಾಡಿದಳೆಂದು ಹೊರಗೆ ಹಾಕಿದರು! ಜನರ ಕಣ್ಣು ಕಟ್ಟುವುದೇ ಕಸುಬಾದವರಿಗೆ ತಮ್ಮ ಕಣ್ಣು ಕಟ್ಟಿದವಳನ್ನು ಸಹಿಸಲಾಗಲಿಲ್ಲ. ಆಕೆಯನ್ನು ಹುಡುಕಿ, ಕ್ಷಮೆ ಕೇಳಿ, ಸದಸ್ಯತ್ವ ಮರಳಿ ಕೊಟ್ಟದ್ದು 2025ರಲ್ಲಿ. ಮೂವತ್ತನಾಲ್ಕು ವರ್ಷ ಬೇಕಾಯಿತು. ನಮ್ಮ ಗಾರುಡಿಗನಿಗೆ ಒಂದು ಕ್ಷಣ ಸಾಕಾಗಿತ್ತು.

ಮದುವೆಯಾಗಿ ಬಾಗಲಕೋಟೆಗೆ ಬಂದೆ. ಹಳೆಯ ಊರಿನ ತಗ್ಗಿನ ಓಣಿಗಳಲ್ಲಿಯೂ ಮೊದಮೊದಲು ಡೋಲಿನ ಸಪ್ಪಳ ಕೇಳುತ್ತಿತ್ತು. ಆಮೇಲೆ ಮನೆಮನೆಗೆ ಟಿ.ವಿ. ಬಂತು, ಸಪ್ಪಳ ದೂರವಾಯಿತು. ಆಲಮಟ್ಟಿಯ ಹಿನ್ನೀರು ಏರಿ ಆ ಓಣಿಗಳೂ ನೀರೊಳಗೆ ಹೋದವು. ನಾವು ನವನಗರಕ್ಕೆ ಬಂದೆವು. ಇಲ್ಲಿ ರಸ್ತೆ ಅಗಲ, ಸೆಕ್ಟರುಗಳಿಗೆ ನಂಬರು. ಚಾಪೆ ಹಾಸಲು ಬೇಕಾದಷ್ಟು ಜಾಗವಿದೆ, ಹಾಸುವವರು ಬರುವುದಿಲ್ಲ. ಬೇರೆ ಬೇರೆ ಊರುಗಳಲ್ಲಿ ಡೋಲು ಕೇಳಿದಾಗಲೆಲ್ಲ ಓಡಿ ಹೋಗಿ ನೋಡಿದ್ದೇನೆ, ಆ ಮುಖ ಮತ್ತೆ ಕಾಣಲಿಲ್ಲ. ಅವನಿಗೆ ಕೊಡಬೇಕಾದದ್ದು ಒಂದು ಬುಟ್ಟಿ ರೊಟ್ಟಿಗೆ ತೀರುವಂಥದಲ್ಲವೆಂದು ನನಗೆ ಗೊತ್ತಿದೆ.

ಹೋದ ಬೇಸಿಗೆ ರಜೆಗೆ ಮೊಮ್ಮಗ ಬಂದಿದ್ದ. ಒಂಬತ್ತು ವರ್ಷ. ಮೊಬೈಲಿನಲ್ಲಿ ನೋಡಿ ಕಲಿತ ಒಂದು ಆಟ ತೋರಿಸುತ್ತೇನೆಂದು ಐದು ರೂಪಾಯಿ ನಾಣ್ಯ ಹಿಡಿದು ನನ್ನ ಎದುರು ನಿಂತ. ಬಲಗೈಯಿಂದ ಎಡಗೈಗೆ ಹಾಕಿದಂತೆ ಮಾಡಿದ, ಊದಿದ, ಎಡಗೈ ತೆರೆದ. ನಾಣ್ಯವಿಲ್ಲ. ಅವನ ಬಲಗೈಯ ಹೆಬ್ಬೆರಳು ಸೆಟೆದು ನಿಂತಿತ್ತು. ನಾಣ್ಯದ ಅಂಚೂ ಒಂದಿಷ್ಟು ಹೊಳೆಯುತ್ತಿತ್ತು.

"ಅಯ್ ಶಿವನ! ಎಲ್ಲಿ ಹೋತೋ ಅದು?" ಎಂದೆ. ಒಳಗಿದ್ದ ಮಗಳನ್ನು ಕೂಗಿದೆ. "ಏ, ಇಲ್ಲಿ ಬಾರ, ಇವ ಏನ ಮಾಡಿದ ನೋಡು!"

ಮಗಳು ಬಂದಳು. ಹುಡುಗನ ಮುಖ ದೀಪ ಹಚ್ಚಿದಂತಾಗಿತ್ತು. "ಅಜ್ಜಿ, ಇನ್ನೊಮ್ಮೆ ಮಾಡಲೇನು?" ಎಂದ.

"ಬ್ಯಾಡಪ್ಪ, ಒಮ್ಮೆ ಸಾಕು" ಎಂದೆ. ಎದ್ದು ಅವನಿಗೆ ರೊಟ್ಟಿ ಬಡಿಸಲು ಒಳಗೆ ಹೋದೆ.